ಸ್ಟೀರಿಂಗ್ ನೆಟ್ಟಗಿದೆ, ಗಾಡಿ ಸೊಟ್ಟಗಿದೆ

ನಮ್ಮಮ್ಮನಿಗೆ ಗೋಡೆ ಮೇಲಿನ ಫೋಟೊ ಒಂಚೂರು ಸೊಟ್ಟಗಿದ್ದರೂ ತಡೆಯುವುದಿಲ್ಲ. ಯಾರ ಮನೆಗೇ ಹೋಗಲಿ, ಕಾಫಿ ಬರುವಷ್ಟರಲ್ಲಿ ಎದ್ದು ಹೋಗಿ ಅವರ ಮನೆಯ ದೇವರ ಫೋಟೊ ಸರಿ ಮಾಡಿ ಬಂದು ಕೂತಿರುತ್ತಾರೆ. ಹಾಗಾಗಿ ನನ್ನ ಗಾಡಿಯ ಕಾಯಿಲೆಯನ್ನು ಮೊದಲು ಹಿಡಿದವರು ಅವರೇ. ಕಳೆದ ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ, ಮಾಗಡಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಂದಿನ ಸೀಟಿನಿಂದ ಮಾತು ಬಂತು.

"ಅಲ್ಲ ಕಣೋ, ಆ ಸ್ಟೀರಿಂಗ್ ಮಧ್ಯ ಇರೋ ಗುರುತು ಯಾಕೆ ಸೊಟ್ಟಗಿದೆ?"

ನೋಡಿದೆ. ರಸ್ತೆ ನೇರ ಇತ್ತು, ಗಾಡಿ ನೇರ ಹೋಗುತ್ತಿತ್ತು. ಸ್ಟೀರಿಂಗ್ ಮಾತ್ರ ಬಲಕ್ಕೆ ಒಂದು ಹತ್ತು ಡಿಗ್ರಿ ತಿರುಗಿಕೊಂಡಿತ್ತು. ನನ್ನ ಕೈ ಅದಕ್ಕೆ ಯಾವಾಗ ಒಗ್ಗಿಕೊಂಡಿತ್ತೋ ಗೊತ್ತಿಲ್ಲ.

ಗಾಡಿ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ದೊಡ್ಡ ಕುಳ ಅಂದುಕೊಂಡುಬಿಡುತ್ತೀರಿ. ಅದು ಆರು ವರ್ಷ ಹಳೆಯ ಜರ್ಮನ್ ಎಸ್‌ಯುವಿ. ಹೊಸದಾಗಿ ಕೊಂಡವರು ನನ್ನ ಆಫೀಸಿನವರೇ. ರಿಜಿಸ್ಟ್ರೇಷನ್ ಎಲ್ಲ ಸೇರಿ ಅವರಿಗೆ ಮುಕ್ಕಾಲು ಕೋಟಿ ಹತ್ತಿರ ಬಿದ್ದಿತ್ತು. ಅವರು ಸಂಸಾರ ಸಮೇತ ವಿದೇಶಕ್ಕೆ ಹೊರಟಾಗ ನನಗೆ ಮೂರನೇ ಒಂದು ಪಾಲಿಗಿಂತಲೂ ಕಡಿಮೆಗೆ ಕೊಟ್ಟರು. ಇವತ್ತು ಒಂದು ಸಾಧಾರಣ ಹೊಸ ಎಸ್‌ಯುವಿಯ ಟಾಪ್ ಮಾಡೆಲ್‌ಗೆ ಅಷ್ಟೇ ದುಡ್ಡು. ಅಮ್ಮನಿಗೆ ಮಂಡಿ ನೋವು, ಎತ್ತರದ ಸೀಟು ಒಳ್ಳೆಯದು ಅಂತ ಮನೆಯಲ್ಲಿ ಹೇಳಿದೆ. ಅದು ಅರ್ಧ ನಿಜ. ಮಿಕ್ಕ ಅರ್ಧ ನಿಮಗೇ ಗೊತ್ತು.

ನಮ್ಮ ಮಾವ ಮಾತ್ರ ಗಾಡಿ ಸುತ್ತ ಒಂದು ಸುತ್ತು ಹಾಕಿ, "ಅಳಿಯಂದ್ರೇ, ಆನೆ ಕೊಂಡಿದ್ದೀರಿ ಸರಿ, ಕಬ್ಬಿನ ಲೆಕ್ಕ ಹಾಕಿದ್ದೀರಾ?" ಅಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ. ಸೆಕೆಂಡ್ ಹ್ಯಾಂಡ್ ಆದಮೇಲೆ ಗಾಡಿ ಬೆಲೆ ಇಳಿಯುತ್ತದೆ. ಅದರ ಬೋಲ್ಟಿನ ಬೆಲೆ ಇಳಿಯುವುದಿಲ್ಲ. ಇದು ಆಮೇಲೆ ತಿಳಿದದ್ದು.

ಗಾಡಿ ಸೊಟ್ಟಗಾದದ್ದು ಎಲ್ಲಿ ಅಂತ ಯೋಚಿಸಿದರೆ ನೆನಪಾಗುವುದು ಒಂದೇ ಜಾಗ. ಆಗಸ್ಟ್‌ನಲ್ಲಿ ಒಂದು ರಾತ್ರಿ ಜೋರು ಮಳೆ, ನಾಯಂಡಹಳ್ಳಿ ಹತ್ತಿರ. ರಸ್ತೆ ಪೂರ್ತಿ ನೀರು. ಮುಂದೆ ಹೋಗುತ್ತಿದ್ದ ಆಟೋ ಬಲಕ್ಕೆ ಸರಿಯಿತು. ಯಾಕೆ ಸರಿಯಿತು ಅಂತ ನಾನು ಯೋಚಿಸುವಷ್ಟರಲ್ಲಿ ನನ್ನ ಎಡಗಡೆಯ ಎರಡೂ ಚಕ್ರ ಒಂದಾದಮೇಲೊಂದು ಧಡ್ ಧಡ್ ಅಂತ ಗುಂಡಿಗೆ ಬಿದ್ದು ಎದ್ದವು. ಆಟೋದವರಿಗೆ ಊರಿನ ಗುಂಡಿಗಳೆಲ್ಲ ಬಾಯಿಪಾಠ. ಮಳೆಯಲ್ಲಿ ಅವರ ಹಿಂದೆ ಹೋಗುವವರು ಅವರು ಮಾಡಿದ ಹಾಗೇ ಮಾಡಬೇಕು. ಕೆಳಗಿಳಿದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ರಿಮ್ ಸರಿ ಇತ್ತು, ಟೈರ್ ಉಬ್ಬಿರಲಿಲ್ಲ. ಬಚಾವ್ ಅಂದುಕೊಂಡೆ.

ಚಂದ್ರಾ ಲೇಔಟ್‌ನಲ್ಲಿ ನಮ್ಮ ಮನೆ ಹತ್ತಿರ ಒಂದು ಸಣ್ಣ ಅಲೈನ್‌ಮೆಂಟ್ ಅಂಗಡಿ ಇದೆ, ಅಂದರೆ ಚಕ್ರಗಳು ನಿಲ್ಲುವ ಕೋನ ಸರಿ ಮಾಡುವ ಅಂಗಡಿ. ಒಂದು ಪಿಟ್, ಒಂದು ಹಳೇ ಮೆಷಿನ್, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ನಮ್ಮ ಆಲ್ಟೊಗೆ ವರ್ಷಕ್ಕೆ ಎರಡು ಸಲ ಅಲ್ಲೇ ಮಾಡಿಸುವುದು. 400 ರೂಪಾಯಿ, ಇಪ್ಪತ್ತು ನಿಮಿಷ. ಆ ಆಲ್ಟೊ ಈಗ ನನ್ನ ಹೆಂಡತಿ ಓಡಿಸುತ್ತಾಳೆ. ಅಂಗಡಿ ಅಣ್ಣ ನನ್ನ ಹೊಸ ಹಳೇ ಗಾಡಿಯನ್ನು ನೋಡಿ ಹೊರಗೆ ಬಂದರು, ಬಗ್ಗಿ ಕೆಳಗೆ ಒಂದು ಸಲ ನೋಡಿದರು, ಕೈ ಒರೆಸಿಕೊಂಡರು.

"ಇದು ನಮ್ಮ ಕೈಲಿ ಆಗಲ್ಲ ಸಾರ್."

"ಬರೀ ಸ್ಟೀರಿಂಗ್ ಸ್ವಲ್ಪ ತಿರುಗಿದೆ ಅಷ್ಟೇ ಅಣ್ಣ."

"ಅದು ನಾನೂ ತಿರುಗಿಸಿ ಕೊಡ್ತೀನಿ ಸಾರ್. ಆದ್ರೆ ಅದು ಕೆಲಸ ಅಲ್ಲ."

ಈ ಇಡೀ ಕಥೆಯಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸಲಹೆ ಅದೇ. ಪುಕ್ಕಟೆ ಸಿಕ್ಕಿತ್ತು. ಹಾಗಾಗಿ ಬೆಲೆ ಕೊಡಲಿಲ್ಲ.

ಮರುದಿನ ರಿಂಗ್ ರೋಡ್ ಪಕ್ಕದ ಒಂದು ದೊಡ್ಡ ಟೈರ್ ಅಂಗಡಿಗೆ ಹೋದೆ. ಹೆಸರು ಬೇಡ. ಗಾಜಿನ ಕೋಣೆ, ಎಸಿ, ಕಾಫಿ ಮೆಷಿನ್, ಗೋಡೆ ಮೇಲೆ ರೇಟ್ ಬೋರ್ಡು. ಸಣ್ಣ ಕಾರಿಗೆ ಒಂದು ರೇಟು, ಸೆಡಾನ್‌ಗೆ ಒಂದು, ಎಸ್‌ಯುವಿಗೆ ಒಂದು, ಕೊನೆಯಲ್ಲಿ 'ಪ್ರೀಮಿಯಂ' ಅಂತ ಒಂದು ಸಾಲು: 1,800. ಪ್ರೀಮಿಯಂ ಅಂದರೆ ಏನು ಜಾಸ್ತಿ ಮಾಡುತ್ತೀರಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ನಲವತ್ತು ನಿಮಿಷದಲ್ಲಿ ಗಾಡಿ ಹೊರಗೆ ಬಂತು. ಸ್ಟೀರಿಂಗ್ ಮೇಲಿನ ಗುರುತು ನೆಟ್ಟಗೆ, ಎಳೆದ ಗೆರೆ ಹಾಗೆ. ಹಿಂದಿನ ಚಕ್ರ ನೋಡಿದಿರಾ ಅಂದಿದ್ದಕ್ಕೆ, "ಹಿಂದಿನದು ಅಡ್ಜಸ್ಟ್ ಆಗಲ್ಲ ಸಾರ್" ಅಂದರು. ಪ್ರಿಂಟ್ ಕೇಳಿದರೆ ಪ್ರಿಂಟರ್ ಕೆಟ್ಟಿದೆ ಅಂದರು. ಅಮ್ಮನಿಗೆ ಖುಷಿಯಾಯಿತು. ನನಗೂ.

ಇಲ್ಲಿ ಸ್ವಲ್ಪ ನಿಂತು ವಿಷಯ ಹೇಳಬೇಕು. ಇದು ಗೊತ್ತಿಲ್ಲದೆ ನಾನು ಕಳೆದುಕೊಂಡ ದುಡ್ಡು ಕಡಿಮೆಯದ್ದಲ್ಲ.

ಎದ್ದು ನಿಂತು ನಿಮ್ಮ ಪಾದ ನೋಡಿಕೊಳ್ಳಿ. ಹೆಬ್ಬೆರಳುಗಳು ಒಂದರ ಕಡೆ ಒಂದು ತಿರುಗಿದ್ದರೆ ಟೋ ಇನ್. ಬಾತುಕೋಳಿ ಹಾಗೆ ಹೊರಗೆ ತಿರುಗಿದ್ದರೆ ಟೋ ಔಟ್. ಚಕ್ರದ್ದೂ ಅಷ್ಟೇ. ಇನ್ನು ಚಕ್ರದ ತಲೆ ಗಾಡಿ ಒಳಗೆ ವಾಲಿದೆಯೋ ಹೊರಗೆ ವಾಲಿದೆಯೋ ಅನ್ನುವುದು ಕ್ಯಾಂಬರ್. ಮೂರನೆಯದು ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತದಲ್ಲ, ಅದು. ಕೈ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಅದೂ ಒಂದು ಕಾರಣ. ಚಿಕ್ಕಂದಿನಲ್ಲಿ ನಾವೆಲ್ಲ ಅದನ್ನು ನಮ್ಮ ಪ್ರತಿಭೆ ಅಂದುಕೊಂಡಿದ್ದೆವು.

ಆಲ್ಟೊದಂಥ ಗಾಡಿಯಲ್ಲಿ ಹಿಂದೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಅಚ್ಚು. ಅಲ್ಲಿ ತಿರುಗಿಸಲು ಏನೂ ಇಲ್ಲ. ಮುಂದಿನ ಟೋ ಒಂದು ಸರಿ ಮಾಡಿದರೆ ಮುಗಿಯಿತು. 400 ರೂಪಾಯಿ ಅದಕ್ಕೆ ನ್ಯಾಯವಾದ ಬೆಲೆ. ಐಷಾರಾಮಿ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು, ನಾಲ್ಕೈದು ಲೋಹದ ಕೈಗಳು, ಅಂದರೆ ಆರ್ಮ್‌ಗಳು, ಹಿಡಿದುಕೊಂಡಿರುತ್ತವೆ. ಹೆಚ್ಚಿನವುಗಳಲ್ಲಿ ಹಿಂದಿನ ಟೋ, ಹಿಂದಿನ ಕ್ಯಾಂಬರ್ ಎರಡೂ ಬದಲಾಗುತ್ತವೆ. ಬದಲಾಗುತ್ತವೆ ಅಂದಮೇಲೆ ಕೆಡುತ್ತವೆ ಕೂಡ. ಒಂದೇ ಹೆಸರು, ಅಲೈನ್‌ಮೆಂಟ್, ಆದರೆ ಕೆಲಸ ಎರಡು. ತಲೆಗೆ ಎಣ್ಣೆ ಹಚ್ಚುವುದೂ ತಲೆಗೆ ಆಪರೇಷನ್ ಮಾಡುವುದೂ ಎರಡೂ 'ತಲೆ ಕೆಲಸ' ಅಂದ ಹಾಗೆ.

ಈಗ ಹಿಂದಿನ ಒಂದು ಚಕ್ರ ಸೊಟ್ಟಗಿದೆ ಅಂದುಕೊಳ್ಳಿ. ಹಿಂದಿನ ಚಕ್ರಗಳು ಗಾಡಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತಿರುತ್ತವೆ. ನೀವು ಗೊತ್ತಿಲ್ಲದೆಯೇ ಸ್ಟೀರಿಂಗ್ ಇನ್ನೊಂದು ಪಕ್ಕಕ್ಕೆ ಹಿಡಿದು ನೇರ ಓಡಿಸುತ್ತೀರಿ. ಹೈವೇಯಲ್ಲಿ ಹಳೇ ಲಾರಿ ಹಿಂದೆ ಹೋಗುವಾಗ ನೋಡಿರುತ್ತೀರಿ: ಬಾಡಿ ಒಂದು ಕಡೆ ಮುಖ ಮಾಡಿರುತ್ತದೆ, ಲಾರಿ ಇನ್ನೊಂದು ಕಡೆ ಓಡುತ್ತಿರುತ್ತದೆ. ಟೈರ್ ಅಂಗಡಿಯವರು ಮಾಡಿದ್ದು ಇಷ್ಟೇ: ಸ್ಟೀರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಟೈ ರಾಡ್ ಎರಡನ್ನೂ ತಿರುಗಿಸಿ, ಆ ಸೊಟ್ಟ ಓಟಕ್ಕೆ ಸ್ಟೀರಿಂಗ್ ನೆಟ್ಟಗೆ ಕಾಣುವ ಹಾಗೆ ಮಾಡಿದ್ದು. ಗೋಡೆಯೇ ವಾಲಿರುವಾಗ ಫೋಟೊ ಸರಿ ಮಾಡಿದ ಹಾಗೆ. ಗಾಡಿ ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಟೈರ್‌ಗೆ ಗೊತ್ತಾಗುತ್ತದೆ.

ಎಷ್ಟು ಗೊತ್ತಾಗುತ್ತದೆ? ಈ ಕೋನಗಳನ್ನು ಡಿಗ್ರಿ, ಮಿನಿಟ್‌ಗಳಲ್ಲಿ ಅಳೆಯುತ್ತಾರೆ. 60 ಮಿನಿಟ್ ಸೇರಿದರೆ ಒಂದು ಡಿಗ್ರಿ. ಒಂದು ಚಕ್ರ 20 ಮಿನಿಟ್ ತಪ್ಪಿದೆ ಅಂದರೆ ಡಿಗ್ರಿಯ ಮೂರನೇ ಒಂದು ಭಾಗ, ಕಣ್ಣಿಗೆ ಕಾಣುವುದೇ ಇಲ್ಲ. ಹೈಸ್ಕೂಲಿನ ತ್ರಿಕೋನಮಿತಿ ಹಾಕಿ ನೋಡಿ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಚಕ್ರ ಹೋಗಲು ಬಯಸುವ ದಾರಿಗೂ ಗಾಡಿ ಎಳೆದೊಯ್ಯುವ ದಾರಿಗೂ ಸುಮಾರು 5.8 ಮೀಟರ್ ವ್ಯತ್ಯಾಸ. ಸಾವಿರ ಕಿಲೋಮೀಟರ್‌ಗೆ ಹತ್ತಿರ ಹತ್ತಿರ ಆರು ಕಿಲೋಮೀಟರ್. ಅಂದರೆ ಎರಡು ಟನ್ ಮೀರಿದ ಗಾಡಿಯನ್ನು ಹೊತ್ತ ಟೈರನ್ನು, ಲೆಕ್ಕದ ಪ್ರಕಾರ, ಚಂದ್ರಾ ಲೇಔಟ್‌ನಿಂದ ಮೆಜೆಸ್ಟಿಕ್‌ವರೆಗೆ ಅಡ್ಡಡ್ಡ ಎಳೆದುಕೊಂಡು ಹೋದಂತೆ. ನಾನು ಅದನ್ನು ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದೆ.

ಡಿಸೆಂಬರ್‌ನಲ್ಲಿ ಹಿಂದಿನ ಎಡ ಟೈರ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿ ಹುಡುಗ ಚಕ್ರ ಬಿಚ್ಚಿ, ಮೊಳೆ ಹುಡುಕುವುದು ಬಿಟ್ಟು, ಟೈರನ್ನು ನನ್ನ ಕಡೆ ತಿರುಗಿಸಿ ಹಿಡಿದ. ಹೊರಗಿನಿಂದ ನೋಡಿದರೆ ಇನ್ನೂ ಒಂದು ವರ್ಷ ಬರುವಂಥ ಟೈರು. ಒಳಗಿನ ಅಂಚಿನಲ್ಲಿ ಎರಡು ಬೆರಳಗಲ ಪೂರ್ತಿ ಬೋಳು, ಅಲ್ಲಲ್ಲಿ ತಂತಿ ಹೊಳೆಯುತ್ತಿತ್ತು. "ಇದ್ರಲ್ಲೇ ನೈಸ್ ರೋಡಲ್ಲಿ ಹೋಗ್ತಿದ್ರಾ ಅಣ್ಣ?" ಅಂದ. ಹೌದು, ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಅದೇ ದಾರಿ. ಅವನು ನನ್ನ ಕೈ ಹಿಡಿದು ಟೈರ್ ಮೇಲೆ ಅಡ್ಡಲಾಗಿ ಆಡಿಸಿದ. ಒಳಗಿನಿಂದ ಹೊರಗೆ ನುಣ್ಣಗೆ. ಹೊರಗಿನಿಂದ ಒಳಗೆ ಗರಗಸದ ಹಲ್ಲು. ಇವತ್ತಿಗೂ ಯಾವ ಗಾಡಿ ಪಕ್ಕ ನಿಂತರೂ ನನ್ನ ಕೈ ತಾನಾಗಿ ಟೈರ್ ಸವರುತ್ತದೆ. ಪಾರ್ಕಿಂಗ್‌ನಲ್ಲಿ ಒಬ್ಬರು ಅನುಮಾನದಿಂದ ನೋಡಿದ್ದೂ ಆಯಿತು.

ಆಗ ಕಂಪನಿ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿದೆ. ನಾಲ್ಕು ಚಕ್ರದ ಅಲೈನ್‌ಮೆಂಟ್‌ಗೆ 12,500, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 14,750 ಅಂದರು. ಪಾರ್ಟ್ಸ್ ಬೇಕಾದರೆ ಬೇರೆ. ನನಗೆ 18 ಅನ್ನುವ ಅಂಕಿ ಕಂಡರೆ ಈಗ ಒಂಥರಾ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಮಾನದ ರಸ್ತೆ ತೆರಿಗೆಯೂ 18 ಪರ್ಸೆಂಟ್, ಅದರ ಮೇಲೆ ಸೆಸ್ಸು. ರಸ್ತೆಗೆ ಅಂತ 18 ಕೊಡಬೇಕು, ಆ ರಸ್ತೆಯಲ್ಲಿ ಓಡಿಸಿ ಕೆಟ್ಟದ್ದನ್ನು ಸರಿ ಮಾಡಿಸಿದ್ದಕ್ಕೂ 18 ಕೊಡಬೇಕು. ಮೊದಲನೆಯದನ್ನು ಹಿಂದಿನ ಓನರ್ ಕಟ್ಟಿದ್ದರು ಅನ್ನುವುದಷ್ಟೇ ಸಮಾಧಾನ.

ಅವರು ಕೇಳಿದ್ದು ಸುಲಿಗೆಯಾ? ಆಗ ಹಾಗೇ ಅನ್ನಿಸಿತ್ತು. ಈಗ ಅರ್ಧ ಮಾತ್ರ ಹಾಗನ್ನಿಸುತ್ತದೆ. ಕೆಲಸದಲ್ಲಿ ನಿಜವಾಗಿಯೂ ಹೆಜ್ಜೆಗಳು ಜಾಸ್ತಿ. ಏರ್ ಸಸ್ಪೆನ್ಷನ್ ಇದ್ದರೆ, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಲ್ಲುವ ಗಾಡಿಯಾದರೆ, ಅದನ್ನು ಲಿಫ್ಟ್‌ಗೆ ಹಾಕುವ ಮೊದಲು ಅದಕ್ಕೆ ಹೇಳಬೇಕು, ಜಾಕ್ ಮೋಡ್ ಅಂತ. ಇಲ್ಲದಿದ್ದರೆ ಚಕ್ರ ನೇತಾಡುವುದನ್ನು ಕಂಡು ಅದು ತನ್ನ ಪಾಡಿಗೆ ಗಾಳಿ ಬಿಡಲು ಶುರು ಮಾಡುತ್ತದೆ. ಅಳೆಯುವ ಮೊದಲು ಎತ್ತರ ಸರಿ ಇದೆಯಾ ನೋಡಬೇಕು, ಎತ್ತರ ಬದಲಾದರೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಕೆಲಸ ಮುಗಿದಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರ್‌ಗೆ 'ಇದೇ ಸೊನ್ನೆ' ಅಂತ ಸ್ಕ್ಯಾನರ್ ಹಾಕಿ ಕಲಿಸಬೇಕು. ಕಲಿಸದಿದ್ದರೆ ನೇರ ಹೋಗುವಾಗಲೂ ಗಾಡಿ ತಿರುಗುತ್ತಿದೆ ಅಂತ ಅದು ತಪ್ಪು ತಿಳಿಯಬಹುದು, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ.

ಹೊಸ ಗಾಡಿಗಳಲ್ಲಿ ಇದರ ಮೇಲೆ ಇನ್ನೊಂದು ಇದೆ. ಮುಂದಿನ ರಸ್ತೆ ನೋಡಿಕೊಂಡು ಓಡಿಸುವವರಿಗೆ ನೆರವಾಗುವ, ಗ್ಲಾಸ್ ಹಿಂದಿನ ಕ್ಯಾಮೆರಾ, ಬಂಪರ್ ಒಳಗಿನ ರಡಾರ್. ಹಿಂದಿನ ಚಕ್ರದ ದಿಕ್ಕು ಬದಲಾದರೆ ಗಾಡಿ ಓಡುವ ದಿಕ್ಕೂ ಬದಲಾಗುತ್ತದೆ, ಆದರೆ ಕ್ಯಾಮೆರಾ ಹಳೇ ದಿಕ್ಕಿಗೇ ನೋಡುತ್ತಿರುತ್ತದೆ. ಹಾಗಾಗಿ ಕೆಲವು ಕಂಪನಿಗಳು ಅಲೈನ್‌ಮೆಂಟ್ ಆದಮೇಲೆ ಅವುಗಳ ದಿಕ್ಕನ್ನು ಮತ್ತೆ ಹೊಂದಿಸುವ ಕ್ಯಾಲಿಬ್ರೇಷನ್ ಮಾಡಲೇಬೇಕು ಅನ್ನುತ್ತವೆ. ಅದಕ್ಕೆ ಸಮತಟ್ಟಾದ ನೆಲ, ಗಾಡಿ ಮುಂದೆ ಸಾಕಷ್ಟು ಖಾಲಿ ಜಾಗ, ಅಳತೆ ಹಿಡಿದು ನಿಲ್ಲಿಸಿದ ಬೋರ್ಡು ಬೇಕು. ಬೆಂಗಳೂರಿನಲ್ಲಿ ಸಮತಟ್ಟಾದ ಖಾಲಿ ಜಾಗಕ್ಕೆ ಬಾಡಿಗೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಇನ್ನು ಕೆಲವು ಗಾಡಿಗಳಲ್ಲಿ ರಸ್ತೆ ಮೇಲೆ ಓಡಿಸುತ್ತಲೇ ಕ್ಯಾಲಿಬ್ರೇಟ್ ಮಾಡುತ್ತಾರೆ, ಅದಕ್ಕೆ ಲೇನ್ ಗೆರೆ ಸರಿಯಾಗಿ ಕಾಣಬೇಕು. ಗೆರೆ ಕಾಣುವ ರಸ್ತೆ ಹುಡುಕಿಕೊಂಡು ಹೋಗುವ ಪೆಟ್ರೋಲ್ ಖರ್ಚು ಯಾರದ್ದು ಅಂತ ನನ್ನ ಕಲೀಗ್ ಒಬ್ಬರು ಕೇಳುತ್ತಿದ್ದರು. ನನ್ನದು ಆರು ವರ್ಷ ಹಳೆಯದು, ಇದ್ಯಾವುದೂ ಇಲ್ಲ. ಮೊದಲ ಸಲ ಅದೊಂದು ಅನುಕೂಲ ಅನ್ನಿಸಿತು.

ಕೊನೆಗೆ ವಿಲ್ಸನ್ ಗಾರ್ಡನ್ ಕಡೆಯ ಒಂದು ಗ್ಯಾರೇಜ್ ಗೊತ್ತಾಯಿತು. ನಡೆಸುವವರು ಹತ್ತಾರು ವರ್ಷ ಕಂಪನಿ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ಹೊರಗೆ ಬಂದವರು. ಅಲೈನ್‌ಮೆಂಟ್‌ಗೆ 4,000 ಅಂದರು. ಜೊತೆಗೆ, "ಟ್ಯಾಂಕ್ ಫುಲ್ ಮಾಡ್ಕೊಂಡು ಬನ್ನಿ ಸರ್, ಡಿಕ್ಕಿ ಖಾಲಿ ಮಾಡಿ" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಕೆಲವು ಜರ್ಮನ್ ಗಾಡಿಗಳನ್ನು ಅಳೆಯುವಾಗ ಟ್ಯಾಂಕ್ ತುಂಬಿರಬೇಕು, ಸೀಟಿನ ಮೇಲೆ ಇಂತಿಷ್ಟು ಭಾರ ಇರಬೇಕು ಅಂತ ಕಂಪನಿ ಪುಸ್ತಕದಲ್ಲೇ ಇರುತ್ತದಂತೆ. ಜನ ಕೂತ ಗಾಡಿ ಹೇಗೆ ನಿಲ್ಲುತ್ತದೋ ಹಾಗೆ ನಿಲ್ಲಿಸಿ ಅಳೆಯುವುದು. ಕಂಪನಿಯಲ್ಲಿ ಅದಕ್ಕೇ ಮಾಡಿದ ತೂಕದ ಕಲ್ಲುಗಳಿರುತ್ತವೆ. ಇವರ ಹತ್ತಿರ ತೂಕ ಹಾಕಿ ಹೊಲಿದ ಮರಳು ಚೀಲಗಳಿದ್ದವು. ಹಳೇ ಬೆಡ್‌ಶೀಟ್ ಹಾಸಿ, ಅವನ್ನು ಸೀಟ್ ಮೇಲೆ ಮಕ್ಕಳನ್ನು ಕೂರಿಸಿದ ಹಾಗೆ ಕೂರಿಸಿದರು. ನನ್ನ ಡಿಕ್ಕಿಯಲ್ಲಿ ಮಾತ್ರ ಅಮ್ಮ ಮಂಡ್ಯದಿಂದ ತರಿಸಿದ್ದ 25 ಕೆಜಿ ಅಕ್ಕಿ ಮೂಟೆ ಇತ್ತು. ಹುಡುಗ ಅದನ್ನು ಎತ್ತಿ ಆಫೀಸ್ ಬಾಗಿಲ ಪಕ್ಕ ಇಟ್ಟ.

ಆದರೆ ಅವರು ಮೊದಲು ಮೆಷಿನ್ ಮುಟ್ಟಲೇ ಇಲ್ಲ. ಗಾಡಿ ಎತ್ತಿಸಿ, ಕೈಯಲ್ಲಿ ಸಣ್ಣ ಸಬ್ಬಲಿನಂಥದ್ದು ಹಿಡಿದು, ಒಂದೊಂದು ಕೈಯನ್ನೂ ಮೀಟಿ ನೋಡುತ್ತಾ ಹೋದರು. ಕೀಲುಗಳಲ್ಲಿ ಎಲ್ಲೆಲ್ಲಿ ರಬ್ಬರ್ ಬುಷ್ ಇದೆಯೋ ಅಲ್ಲೆಲ್ಲ ಟಾರ್ಚ್. ಮುಂದಿನ ಎಡ ಲೋವರ್ ಆರ್ಮ್ ಹತ್ತಿರ ನಿಂತುಬಿಟ್ಟರು. "ಇದು ಬೆಂಡ್ ಆಗಿದೆ ಸರ್." ನನಗೇನೂ ಕಾಣಲಿಲ್ಲ. ಜೆ.ಸಿ. ರಸ್ತೆಯಿಂದ ಹೊಸದು ತರಿಸಿ, ಹಳೆಯದನ್ನು ಬಿಚ್ಚಿ, ಎರಡನ್ನೂ ಮೇಜಿನ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಾಗ ಕಂಡಿತು. ಮಧ್ಯದಲ್ಲಿ ಒಂದು ಪೆನ್ಸಿಲ್ ತೂರುವಷ್ಟು ಸಂದು. ಲಾರಿಯದ್ದಾಗಿದ್ದರೆ ಕಾಯಿಸಿ ಬಡಿದು ನೆಟ್ಟಗೆ ಮಾಡುತ್ತಿದ್ದರು. ಇದು ಅಲ್ಯೂಮಿನಿಯಂ, ಒಮ್ಮೆ ಬಾಗಿದರೆ ನಂಬುವ ಹಾಗಿಲ್ಲ, ಎಸೆಯುವುದೇ. ಕಂಪನಿ ಡಬ್ಬಿಯಲ್ಲಿ ಬಂದರೆ 18,400, ಪಾರ್ಟ್ ಮಾಡುವ ಕಾರ್ಖಾನೆಯವರದ್ದೇ ಡಬ್ಬಿಯಲ್ಲಿ ಬಂದರೆ 9,600. ಎರಡನೆಯದನ್ನು ಹಾಕಿಸಿದೆ.

ಟೈರ್ ಅಂಗಡಿಯವರು ಬಾಗಿದ ಆರ್ಮ್ ಇಟ್ಟುಕೊಂಡೇ ಅಲೈನ್‌ಮೆಂಟ್ ಮಾಡಿಕೊಟ್ಟಿದ್ದರು ಅನ್ನುವುದು ಆಗ ಹೊಳೆಯಿತು. ಚಂದ್ರಾ ಲೇಔಟ್ ಅಣ್ಣ ಬರೀ ಬಗ್ಗಿ ನೋಡಿ ಬೇಡ ಅಂದಿದ್ದರು.

ಆಮೇಲೆ ಅಳತೆ. ಮುಂದಿನ ಚಕ್ರಗಳ ಕೆಳಗೆ ತಿರುಗುವ ತಟ್ಟೆ, ಹಿಂದಿನವಕ್ಕೆ ಜಾರುವ ತಟ್ಟೆ. ನಾಲ್ಕು ಚಕ್ರಕ್ಕೂ ಚುಕ್ಕಿ ಚುಕ್ಕಿಯ ಬೋರ್ಡು ಕಚ್ಚಿಸಿ, ಹುಡುಗರಿಬ್ಬರು ಗಾಡಿಯನ್ನು ಒಂದಡಿ ಹಿಂದೆ ತಳ್ಳಿ ಮತ್ತೆ ಮುಂದೆ ತಂದರು. ಎದುರಿನ ಕಂಬದ ಕ್ಯಾಮೆರಾಗಳು ಆ ಚುಕ್ಕಿಗಳನ್ನು ನೋಡಿಯೇ ಲೆಕ್ಕ ಹಾಕುತ್ತವೆ. ಪರದೆ ಮೇಲೆ ಮುಂದೆ ಎರಡು ಕೆಂಪು. ಹಿಂದೆ ಎಡಕ್ಕೆ ಕಡು ಕೆಂಪು: 8 ಮಿನಿಟ್ ಒಳಕ್ಕೆ ತಿರುಗಿರಬೇಕಾದ ಟೋ 12 ಮಿನಿಟ್ ಹೊರಕ್ಕೆ ತಿರುಗಿತ್ತು, ಒಟ್ಟು 20 ಮಿನಿಟ್ ತಪ್ಪು. ನನ್ನ ಟೈರ್ ತಿಂದ ಅಂಕಿ ಅದೇ.

ಅದನ್ನು ಸರಿ ಮಾಡಲು ಒಂದೇ ಬೋಲ್ಟ್ ತಿರುಗಿಸಬೇಕು. ಅದರ ತಲೆ ಪಕ್ಕ ಓರೆಯಾಗಿ ಕೂತ ಬಿಲ್ಲೆ ಇರುತ್ತದೆ. ಬೋಲ್ಟ್ ತಿರುಗಿದಂತೆ ಆರ್ಮ್ ಕೂದಲೆಳೆಯಷ್ಟು ಒಳಗೋ ಹೊರಗೋ ಸರಿಯುತ್ತದೆ. ನಿಮಿಷದ ಕೆಲಸ. ಆದರೆ ಆರು ಮಳೆಗಾಲ ಕಂಡ ಬೋಲ್ಟ್ ಅದು. ತುಕ್ಕು ಹಿಡಿದು ಬುಷ್ ಒಳಗಿನ ಕಬ್ಬಿಣಕ್ಕೆ ಅಂಟಿಕೊಂಡು ಕೂತಿತ್ತು. ಎಣ್ಣೆ ಹೊಡೆದರು, ಕಾದರು. ಮತ್ತೆ ಎಣ್ಣೆ. ಕಾಯಿಸೋಣ ಅಂದರೆ ಪಕ್ಕದಲ್ಲೇ ರಬ್ಬರು. ಉದ್ದದ ಪೈಪ್ ಹಾಕಿ ಒತ್ತಿದರೆ ಬೋಲ್ಟ್ ಮುರಿಯಬಹುದು, ಮುರಿದರೆ ಆರ್ಮನ್ನೇ ಕೊಯ್ಯಬೇಕು. ಹುಡುಗ ಮಧ್ಯೆ ಎದ್ದು ಹೋಗಿ ಟೀ ಕುಡಿದು ಬಂದ. ಹಿರಿಯರು ಏಳಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಕಿವಿ ಕೊಡುವುದು, ಒಂದೆಳೆ ಹಿಂದೆ, ಒಂದೆಳೆ ಮುಂದೆ. ಒಂದೂವರೆ ಗಂಟೆ ಆದಮೇಲೆ 'ಟಕ್' ಅಂತ ಒಂದು ಸದ್ದು. ನನಗೆ ಮುರಿಯಿತು ಅನ್ನಿಸಿ ಎದೆ ಧಸಕ್ಕೆಂದಿತು. ಅವರು ನಕ್ಕರು. ಬಿಟ್ಟಿತ್ತು. ಹತ್ತು ನಿಮಿಷದಲ್ಲಿ ಪರದೆ ಪೂರ್ತಿ ಹಸಿರು.

4,000 ಕೊಟ್ಟಿದ್ದು ಮೆಷಿನ್‌ಗೆ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಆ ಮೆಷಿನ್ ಕೆಲಸ ಮಾಡಿದ್ದು ಅರ್ಧ ಗಂಟೆ ಇರಬಹುದು. ಮಿಕ್ಕಿದ್ದೆಲ್ಲ ಆ ಬೋಲ್ಟ್ ಮುಂದೆ ಕುಕ್ಕರಗಾಲಲ್ಲಿ ಕೂತ ಸಮಯ.

ಒಟ್ಟು ಲೆಕ್ಕ ಹೇಳಿಬಿಡುತ್ತೇನೆ. ಆರ್ಮ್ 9,600, ಅದರ ಕೂಲಿ 2,500, ಅಲೈನ್‌ಮೆಂಟ್ 4,000, ಜಿಎಸ್‌ಟಿ ಸೇರಿ 18,998. ಹಿಂದಿನ ಟೈರ್ ಎರಡು, ಒಂದಕ್ಕೆ 29,500. ಒಂದೇ ಬದಲಿಸಿ ಅಂದೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಗಾಡಿಯಲ್ಲಿ ಹೊಸದು ಒಂದು, ಸವೆದದ್ದು ಒಂದು ಹಾಕಿದರೆ ಒಳಗಿನ ಗೇರುಗಳ ಮೇಲೆ ಭಾರ ಬೀಳುತ್ತದೆ, ಕನಿಷ್ಠ ಜೋಡಿ ಹಾಕಬೇಕು ಅಂದರು. ಟೈರ್ ಅಂಗಡಿಯ 1,800 ಸೇರಿಸಿದರೆ 79,798 ರೂಪಾಯಿ. ಹೆಂಡತಿ ಕ್ಯಾಲ್ಕುಲೇಟರ್ ತೆಗೆದುಕೊಂಡು 400ರಿಂದ ಭಾಗಿಸಿದಳು. "ನಮ್ಮ ಆಲ್ಟೊಗೆ ಇನ್ನೂರು ಸಲ ಮಾಡಿಸಬಹುದಿತ್ತು ಕಣ್ರೀ. ವರ್ಷಕ್ಕೆ ಎರಡು ಸಲ ಅಂದ್ರೆ ನೂರು ವರ್ಷ."

ಆ ಆಲ್ಟೊ ವಿಷಯ ನನ್ನನ್ನು ಬಹಳ ದಿನ ಕೊರೆಯಿತು. ಅದೇ ನಾಯಂಡಹಳ್ಳಿ, ಅಂಥವೇ ಗುಂಡಿಗಳು, ಎಂಟು ವರ್ಷದಿಂದ ಬೀಳುತ್ತಲೇ ಇದೆ. ಅದಕ್ಕೆ ಯಾಕೆ ಏನೂ ಆಗುವುದಿಲ್ಲ? ಒಂದು ಸಂಜೆ ಎರಡೂ ಟೈರ್ ಮೇಲಿನ ನಂಬರ್ ಬರೆದುಕೊಂಡು ಕೂತೆ. ಆಲ್ಟೊದ್ದು 145/80 ಆರ್12. ಅಂದರೆ ರಿಮ್‌ನಿಂದ ರಸ್ತೆವರೆಗೆ ರಬ್ಬರ್ ಗೋಡೆ, ಟೈರ್ ಅಗಲವಾದ 145 ಮಿಲಿಮೀಟರ್‌ನ ನೂರಕ್ಕೆ 80 ಭಾಗ, 116 ಮಿಲಿಮೀಟರ್. ದೊಡ್ಡದರದ್ದು 275/40 ಆರ್20. 275ರ ನೂರಕ್ಕೆ 40 ಭಾಗ, 110 ಮಿಲಿಮೀಟರ್. ಎರಡು ಸಲ ಲೆಕ್ಕ ಮಾಡಿದೆ. ಸುಮಾರು ಮುಕ್ಕಾಲು ಟನ್ ತೂಗುವ ಆಲ್ಟೊ ಕೆಳಗೆ ಇರುವ ಮೆತ್ತೆ, ಅದರ ಮೂರರಷ್ಟು ಭಾರದ ಆನೆ ಕೆಳಗಿನ ಮೆತ್ತೆಗಿಂತ ದಪ್ಪ! 20 ಇಂಚಿನ ರಿಮ್ ನೋಡಲು ಚೆಂದ, ಶೋರೂಮ್ ದೀಪದ ಕೆಳಗೆ ಇನ್ನೂ ಚೆಂದ. ಗುಂಡಿಗೆ ಬಿದ್ದಾಗ ಮಾತ್ರ ಪೆಟ್ಟು ತಿನ್ನಲು ಅಲ್ಲಿ ರಬ್ಬರ್ ಸಾಲುವುದಿಲ್ಲ, ಅದು ನೇರ ಆರ್ಮ್‌ಗೆ ಹೋಗುತ್ತದೆ.

ಹಂಪ್‌ಗಳದ್ದೂ ಒಂದು ಪಾಲಿದೆ, ಆದರೆ ಅವು ನಿಧಾನವಾಗಿ ಬುಷ್ ತಿನ್ನುವ ಜಾತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಅಳತೆ ಪ್ರಕಾರ, 25 ಕಿಲೋಮೀಟರ್ ವೇಗಕ್ಕೆ ಮಾಡಿದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು. ಅಂದರೆ ಹತ್ತಿದ್ದೇ ಗೊತ್ತಾಗದಷ್ಟು ಮೆಲ್ಲನೆಯ ಗುಡ್ಡ. ನಮ್ಮ ಬೀದಿಯದ್ದನ್ನು ಸ್ಕೇಲ್ ಹಿಡಿದು ಅಳೆದೆ. ಎತ್ತರ 13 ಸೆಂಟಿಮೀಟರ್, ಅಗಲ ಮುಕ್ಕಾಲು ಮೀಟರ್ ಕೂಡ ಇಲ್ಲ. ಅಳೆಯುತ್ತಿರುವಾಗ ಎದುರು ಮನೆಯವರು ಬಂದು, "ತೆಗೆಸ್ತೀರಾ? ಬೇಡ ಸಾರ್, ಮಕ್ಕಳು ಆಡ್ತಾರೆ, ನಾವೇ ಸಿಮೆಂಟ್ ತಂದು ಹಾಕ್ಸಿದ್ದು" ಅಂದರು. ಅವರು ಹೇಳಿದ್ದೂ ತಪ್ಪಲ್ಲ.

ಇನ್ನೊಂದು ಮಾತು, ನನ್ನ ಹಾಗೆ ಈಗ ಎಲ್ಲದಕ್ಕೂ ಹೆದರುವವರಿಗೆ. ಗಾಡಿ ಸ್ವಲ್ಪ ಎಡಕ್ಕೆ ಹೋದ ತಕ್ಷಣ ಅಲೈನ್‌ಮೆಂಟ್‌ಗೆ ಓಡಬೇಡಿ. ನೀರು ಹರಿಯಲಿ ಅಂತ ರಸ್ತೆಯ ನಡುವೆ ಉಬ್ಬು, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಓಡಿಸುವವರು, ಒಂಚೂರು ಎಡಕ್ಕೆ ವಾಲುವುದು ಸಹಜ. ಗಾಳಿ ಕಡಿಮೆ ಇದ್ದರೂ ಎಳೆಯುತ್ತದೆ. ಇನ್ನು 80, 90ರಲ್ಲಿ ಸ್ಟೀರಿಂಗ್ ನಡುಗಿದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು, ಬೇರೆ ಕೆಲಸ, ಬೇರೆ ದುಡ್ಡು. ಊರೊಳಗೇ ಓಡಿಸುವವರಿಗೆ ಆ ಕಾಯಿಲೆ ಇದ್ದರೂ ಗೊತ್ತಾಗುವುದಿಲ್ಲ ಬಿಡಿ. ಸಿಲ್ಕ್ ಬೋರ್ಡ್‌ನಲ್ಲಿ 80 ಎಲ್ಲಿಂದ ಬರಬೇಕು?

ಜೂನ್‌ನಲ್ಲಿ, ಮಳೆ ಶುರುವಾಗುವ ಹೊತ್ತಿಗೆ, ಮತ್ತೆ ವಿಲ್ಸನ್ ಗಾರ್ಡನ್‌ಗೆ ಹೋದೆ. ಗಾಡಿಗೆ ಏನೂ ಆಗಿರಲಿಲ್ಲ, ನನಗೇ ಸುಮ್ನೆ ಅನುಮಾನ. ಮತ್ತೆ ಫುಲ್ ಟ್ಯಾಂಕ್, ಮತ್ತೆ ಮರಳು ಚೀಲ, ಡಿಕ್ಕಿಯಲ್ಲಿ ಮತ್ತೆ ಅಕ್ಕಿ ಮೂಟೆ. ಎತ್ತಿ ನೋಡಿದರು, ಮೀಟಿ ನೋಡಿದರು, ಅಳೆದರು. ಎಲ್ಲ ಹಸಿರು. ಪ್ರಿಂಟ್ ತೆಗೆದು ಕೈಗೆ ಕೊಟ್ಟರು.

"ಎಂಟ್ನೂರು ಕೊಡಿ ಸರ್."

"ಏನೂ ಮಾಡಲಿಲ್ಲವಲ್ಲ?"

"ಅದಕ್ಕೇ ಎಂಟ್ನೂರು. ಮಾಡಿದ್ರೆ ನಾಲ್ಕು ಸಾವಿರ."

ಕೊಟ್ಟೆ. ಶಾಂತಿನಗರ ದಾಟುವವರೆಗೂ ಆ ಎಂಟು ನೂರು ಕಚ್ಚುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಾರ್ಪೊರೇಷನ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಾಗ ಪ್ರಿಂಟ್ ಬಿಡಿಸಿ ಓದಿದೆ. ಹಿಂದಿನ ಎಡ ಟೋ: 8 ಮಿನಿಟ್, ಒಳಗೆ. ಹಿಂದಿನವರು ಹಾರ್ನ್ ಹೊಡೆಯುವವರೆಗೂ ನೋಡುತ್ತಿದ್ದೆ.

ಮನೆ ಮುಟ್ಟಿದಾಗ ಅಮ್ಮ ಬಾಗಿಲಲ್ಲೇ ಇದ್ದರು. ಗಾಡಿ ಒಳಗೆ ತಲೆ ಹಾಕಿ ಸ್ಟೀರಿಂಗ್ ನೋಡಿದರು. ನೆಟ್ಟಗಿತ್ತು. ಆಮೇಲೆ ಹಿಂದೆ ಹೋಗಿ ಡಿಕ್ಕಿ ನೋಡಿದರು.

"ಅಕ್ಕಿ ಎಲ್ಲೋ?"

ಗ್ಯಾರೇಜ್ ಆಫೀಸಿನ ಬಾಗಿಲ ಪಕ್ಕ ಇತ್ತು. ಮತ್ತೆ ಹೋಗಿ ತಂದೆ, ಆಲ್ಟೊದಲ್ಲಿ.